ಬೆಳ್ಳುಬ್ಬಿ ಸರ್ ಮತ್ತು ಪುಕ್ಕಟೆ ಪೇಪರುಗಳು

ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಸುಗಲಾಗೆ ಉಳಿದಿದ್ದದ್ದು ಎರಡೇ ದಿನ. ಆಗ ಗೈಡ್ ಬೆಳ್ಳುಬ್ಬಿ ಸರ್ ಸಹಿ ಹಾಕದೆ ಕ್ಯಾತೆ ತೆಗೆದರು. "ನೆಟ್ಟಿನಾಗ ಪುಕ್ಕಟೆ ಸಿಗೋ ಪೇಪರು, ಯಾರೂ ಪರಿಶೀಲಿಸದ ಕರಡು, ಇಂಥವನ್ನ ಯಾರರೆ ಉಲ್ಲೇಖಿಸ್ತಾರೇನು? ಒಂದೂ ಇರಬಾರದು!"

ಸುಗಲಾ ರಾತ್ರಿಯೆಲ್ಲ ಕೂತು ಅಂಥವನ್ನೆಲ್ಲ ತೆಗೆದುಹಾಕಿದಳು. ಮರುದಿನ ತಿದ್ದಿದ ಪ್ರತಿ ತಂದಿಟ್ಟಳು. ಸರ್ ಎಂದಿನಂತೆ ಉಲ್ಲೇಖಪಟ್ಟಿ ತೆರೆದು ಮೊದಲು ತಮ್ಮ ಹೆಸರನ್ನೇ ಹುಡುಕಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಾಡಿಸಿದರು.

"ನನ್ನ ಹನ್ನೊಂದು ಪೇಪರ್ ಎಲ್ಲಿ ಅದಾವ?"

"ಒಂಬತ್ತು ಪುಕ್ಕಟೆ ಸಿಗ್ತಾವ್ರೀ ಸರ್. ಎರಡು ಇನ್ನೂ ಕರಡ ಅದಾವ್ರಿ. ನಿಮ್ಮ ಮಾತು ಮೀರೂದು ಹೆಂಗ್ರಿ?"

ಸರ್ ಕೆಮ್ಮಿದರು. ಫ್ಯಾನ್ ನೋಡಿದರು. ಕೊನೆಗೆ ಹಳೆಯ ಪ್ರತಿಯನ್ನೇ ತರಿಸಿಕೊಂಡು ಸಹಿ ಗೀಚಿದರು.

"ನೋಡವ್ವಾ, ಜ್ಞಾನ ಎಲ್ಲಾರಿಗೂ ಪುಕ್ಕಟೆನ ಸಿಗಬೇಕು. ನಾ ಮೊದಲಿಂದ ಅದನ್ನ ಹೇಳ್ಕೋತ ಬಂದೀನಿ."