ಮೊದಲು ರೋಗ ಬಂದ ಮನೆ

"ಬುದ್ಧಿ, ರೇಷ್ಮೆ ಎಂದರೆ ಒಂದು ಕಾಲಕ್ಕೆ ನಮ್ಮ ಸೀಮೆ. ಈಗ ನಮ್ಮ ಕಡೆ ಹಿಪ್ಪುನೇರಳೆ ತೋಟಗಳನ್ನು ಕಿತ್ತು ಹಾಕುತ್ತಿದ್ದಾರೆ. ಜೋಳ ಬಿಟ್ಟು ಬೇರೇನೂ ಕಾಣದ ಬಡಗಣ ಬಯಲಿನಲ್ಲಿ ವರ್ಷದಿಂದ ವರ್ಷಕ್ಕೆ ರೇಷ್ಮೆ ಗೂಡು ಹೆಚ್ಚುತ್ತಿದೆ. ನಮ್ಮ ಮಣ್ಣು ಸೋತಿತೇ?" ಎಂದು ಮರಿಸ್ವಾಮಿ ಎಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಆ ಬಯಲಿನ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಊರಿಗೆ ರೇಷ್ಮೆ ಹುಳು ತಂದವನು ಅವನೇ. ಮೊದಲ ಬೆಳೆ ಚೆನ್ನಾಗಿ ಬಂತು. ಅದನ್ನು ನೋಡಿ ಇತರರೂ ಜೋಳದ ಹೊಲದಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟರು. ಒಂದು ಮನೆಯ ಹುಳು ಹಣ್ಣಾಗಿ ನೂಲು ಬಿಡುವ ಹದಕ್ಕೆ ಬಂದರೆ ಊರವರೆಲ್ಲ ಸೇರಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದರು. ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ.

ಒಂದು ಬೆಳೆಯಲ್ಲಿ, ಹುಳು ಹಣ್ಣಾಗುವ ಹೊತ್ತಿಗೆ, ಸೊಪ್ಪು ಹಾಕಲು ಹೋದ ರೈತನ ಹೆಂಡತಿ ಗಂಡನನ್ನು ಕರೆದಳು. ಕೆಲವು ಹುಳುಗಳ ಮೈ ಊದಿತ್ತು. ಮುಟ್ಟಿದರೆ ಹಾಲಿನಂತಹ ರಸ ಒಸರುತ್ತಿತ್ತು. ಅದು ಕೈಯಿಂದ, ಕಾಲಿನಿಂದ, ಸೊಪ್ಪಿನ ಬುಟ್ಟಿಯಿಂದ ಅಂಟುವ ರೋಗವೆಂದು ಇಬ್ಬರಿಗೂ ಗೊತ್ತಿತ್ತು. ಮರುದಿನ ಊರವರು ಹುಳು ಆರಿಸಲು ಬರುವವರಿದ್ದರು.

"ಕೆಟ್ಟವನ್ನು ತೆಗೆದುಬಿಟ್ಟು ಉಳಿದವನ್ನು ಚಂದ್ರಿಕೆಗೆ ಬಿಡೋಣ. ಅರ್ಧವಾದರೂ ಸಿಕ್ಕೀತು. ಹೊರಗೆ ಹೇಳಿದರೆ ಯಾರೂ ನಮ್ಮ ಅಂಗಳ ತುಳಿಯುವುದಿಲ್ಲ," ಎಂದಳು ಹೆಂಡತಿ.

"ತುಳಿಯಬಾರದು ಅಂತಲೇ ಹೇಳಬೇಕು," ಎಂದ ರೈತ.

ಅವನು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಊರ ಕಟ್ಟೆಯ ಹತ್ತಿರ ಹೋದ. ದೂರವೇ ನಿಂತು, "ನಮ್ಮ ಹುಳುಗಳಿಗೆ ರೋಗ ಬಂದಿದೆ. ಯಾರೂ ನಮ್ಮ ಮನೆಗೆ ಬರಬೇಡಿ. ನಿಮ್ಮ ನಿಮ್ಮ ಹುಳು ನೋಡಿಕೊಳ್ಳಿ," ಎಂದ.

"ನಿನ್ನನ್ನು ನೋಡಿ ಹೊಲ ಕೆಡಿಸಿಕೊಂಡೆವು," ಎಂದು ಒಬ್ಬ ರೇಗಿದ. ರೈತ ಮನೆಗೆ ಬಂದು ಗುಂಡಿ ತೋಡಿ, ಇದ್ದ ಹುಳುಗಳನ್ನೆಲ್ಲ ಸುಣ್ಣ ಹಾಕಿ ಹೂತ. ಹೆಂಡತಿ ಮಣ್ಣು ಎಳೆಯುತ್ತ ಅತ್ತಳು. ರೋಗವಿಲ್ಲದ ಹುಳುಗಳೂ ಅದರಲ್ಲಿದ್ದವು.

ಆ ಸಂಜೆಯೇ ಇನ್ನೆರಡು ಮನೆಯವರು ತಮ್ಮಲ್ಲೂ ರೋಗವಿದೆ ಎಂದು ಹೇಳಿದರು. ಅವರೂ ಹೂತರು. ಉಳಿದ ಮನೆಗಳಲ್ಲಿ ಗೂಡು ಬಂತು. ರೈತ ಹುಳು ಸಾಕುವ ಕೋಣೆಗೆ ಸುಣ್ಣ ಬಳಿದು ಬಾಗಿಲು ಹಾಕಿ, ಕಲ್ಲು ಒಡೆಯುವ ಕೂಲಿಗೆ ಹೋದ. ರೇಗಿದವನು ಬಹಳ ದಿನ ಅವನೊಡನೆ ಮಾತಾಡಲಿಲ್ಲ.

ಮುಂದಿನ ಬೆಳೆಗೆ ರೈತ ಮತ್ತೆ ಹುಳು ತಂದ. ಆಮೇಲೆ ಆ ಊರಿನಲ್ಲಿ ಯಾರ ಮನೆಯಲ್ಲಿ ರೋಗ ಕಂಡರೂ ಆ ಹೊತ್ತೇ ಎಲ್ಲರಿಗೂ ತಿಳಿಯುತ್ತಿತ್ತು. ಅಂಥ ಮನೆಯನ್ನು ಯಾರೂ ಹಳಿಯುತ್ತಿರಲಿಲ್ಲ. ಸುತ್ತಲ ಊರುಗಳವರೂ ಬಂದು ಕಲಿತು ಹೋದರು. ಈಗ ನೂಲು ತೆಗೆಯುವವರು ಅಲ್ಲಿಗೇ ಬಂದು ಒಲೆ ಹೂಡಿದ್ದಾರೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರಿಸ್ವಾಮಿ ಯೋಚಿಸಿ ಹೇಳಿದ: "ನಮ್ಮೂರಲ್ಲೂ ಇದೇ ರೋಗ ಬಂದು ಬೆಳೆಯ ಮೇಲೆ ಬೆಳೆ ಹೋಯಿತು, ಬುದ್ಧಿ. ಮೊದಲು ಯಾರ ಮನೆಗೆ ಬಂತೆಂದು ಎಲ್ಲರನ್ನೂ ಕೇಳಿದೆ. ನಮ್ಮಪ್ಪನನ್ನೂ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲವಂತೆ."

ಗುರುಗಳು ಅವನ ಮುಖ ನೋಡಿ ಹೇಳಿದರು:

"ಗೊತ್ತಿಲ್ಲ ಎಂದವರಲ್ಲಿ ಒಬ್ಬರಿಗೆ ಗೊತ್ತಿತ್ತು."