ಅಡಿಯಲ್ಲಿದ್ದ ಕಂಬಳಿ

"ಗುರುಗಳೇ, ಇಬ್ಬರ ಸಾಮಾನು ಹಿಡಿಸುವ ಚೀಲ ಎಷ್ಟು ದೊಡ್ಡದಿರಬೇಕು?" ಎಂದು ಸಂಗಯ್ಯ ಕೇಳಿದ.

ಅವನು ಈರಯ್ಯನೊಡನೆ ಹಿಮದ ಬೆಟ್ಟಗಳಿಗೆ ನಲವತ್ತು ದಿನದ ಕಾಲ್ನಡಿಗೆ ಹೊರಡುವವನಿದ್ದ. ಈರಯ್ಯನೂ ಗುರುಗಳ ಮಠದ ಶಿಷ್ಯ, ಸಂಗಯ್ಯನಿಗಿಂತ ನಾಲ್ಕು ವರ್ಷ ಚಿಕ್ಕವನು. ಬೆನ್ನಿಗೆ ಹಾಕುವ ಚೀಲ ನೋಡಿ ಬರಲೆಂದು ಸಂಗಯ್ಯ ಆ ದಿನ ಪೇಟೆಗೆ ಹೋಗಿದ್ದ.

"ಅಂಗಡಿಯಲ್ಲಿ ಅರವತ್ತು ಲೀಟರಿನದಿದೆ, ತೊಂಬತ್ತು ಲೀಟರಿನದೂ ಇದೆ" ಎಂದ.

"ಲೀಟರೇ? ಹಾಲು ತರೋಕೆ ಹೊರಟಿದ್ದೀಯೇನೋ?" ಎಂದು ಗುರುಗಳು ನಕ್ಕರು. "ಇರಲಿ. ಈರಯ್ಯನಿಗೆ ಹೆಗಲಿಲ್ಲವೇ?"

"ಅವನು ಸೂಕ್ಷ್ಮ ಮೈಯವನು, ಗುರುಗಳೇ. ಅವನಿಗೇಕೆ ಭಾರ? ಎಲ್ಲವನ್ನೂ ನಾನೇ ಹೊರುತ್ತೇನೆ. ನಾನಿದ್ದೀನಲ್ಲ."

ಗುರುಗಳ ನಗು ನಿಂತಿತು. "ಕೂತುಕೋ" ಎಂದು ಒಂದು ಕತೆ ಹೇಳತೊಡಗಿದರು.

ಒಬ್ಬ ಕಂಬಳಿ ನೇಯುವವನಿದ್ದ. ಅವನಿಗೊಬ್ಬ ತಮ್ಮ. ಬೆನ್ನಿಗೆ ಬಿದ್ದ ತಮ್ಮನೆಂದರೆ ಅವನಿಗೆ ಪ್ರಾಣ. ತಮ್ಮನಿಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು. ಆದರೇನು, ಅಣ್ಣನ ಕಣ್ಣಿಗೆ ಅವನಿನ್ನೂ ಅಂಬೆಗಾಲಿಡುತ್ತಲೇ ಇದ್ದ. ತಮ್ಮ ನೀರಿಗೆ ಹೊರಟರೆ ಅಣ್ಣ ಕೊಡ ಕಿತ್ತುಕೊಳ್ಳುವನು, ಸೌದೆ ಒಡೆಯಲು ನಿಂತರೆ ಕೊಡಲಿ ಕಿತ್ತುಕೊಳ್ಳುವನು. ಬಾಯಿ ತೆರೆದರೆ ಒಂದೇ ಮಾತು: ನಾನಿದ್ದೀನಲ್ಲ. ತಮ್ಮನೂ ಅಣ್ಣನ ಮಾತು ಮೀರಿದವನಲ್ಲ.

ಒಂದು ವರ್ಷ ಇಬ್ಬರೂ ಹಿಮದ ಬೆಟ್ಟ ನೋಡಿ ಬರಲು ಹೊರಟರು. ಅಣ್ಣ ಚೀಲ ಹೊಲಿಯುವ ಮುದುಕನ ಹತ್ತಿರ ಹೋದ. ಮುದುಕ ಚೀಲದಲ್ಲಿ ಏನು ತುಂಬುತ್ತೀ ಎಂದು ಕೇಳಲಿಲ್ಲ. ಅಣ್ಣನನ್ನು ತಿರುಗಿಸಿ ನಿಲ್ಲಿಸಿ, ಕತ್ತಿನ ಮೂಳೆಯಿಂದ ಸೊಂಟದವರೆಗೆ ದಾರ ಹಿಡಿದು ಅಳೆದ.

"ಚೀಲಕ್ಕೆ ಬೆನ್ನಿನ ಅಳತೆ ಮುಖ್ಯ. ಭಾರ ಸೊಂಟಕ್ಕೆ ಇಳಿಯಬೇಕು, ಹೆಗಲಿಗೆ ಜೋತುಬೀಳಬಾರದು" ಎಂದ. "ಇಬ್ಬರು ಹೋಗುವವರು ಅಂದೆ. ತಮ್ಮನನ್ನೂ ಕರೆದುಕೊಂಡು ಬಾ, ಅವನ ಬೆನ್ನೂ ಅಳೆಯುತ್ತೇನೆ."

"ಅವನಿಗೆ ಬೇಡ ಅಜ್ಜ. ನನಗೇ ದೊಡ್ಡದೊಂದು ಹೊಲಿ. ನಾನಿದ್ದೀನಲ್ಲ."

ಮುದುಕ ಅಳತೆಯ ದಾರ ಸುತ್ತಿಟ್ಟ. ಆಮೇಲೆ ಹೊಲಿದುಕೊಟ್ಟ. ದಪ್ಪ ಬಟ್ಟೆ, ಎರಡೆರಡು ಹೊಲಿಗೆ, ಅಂಗೈಯಗಲದ ಸೊಂಟಪಟ್ಟಿ. ಕಲ್ಲು ತುಂಬಿದರೂ ಹರಿಯುವಂತಿರಲಿಲ್ಲ. ತುಂಬುವ ಕ್ರಮವನ್ನೂ ಹೇಳಿಕೊಟ್ಟ. ಮಲಗುವಾಗ ಬೇಕಾದದ್ದು ಅಡಿಯಲ್ಲಿ, ಭಾರದ್ದು ನಡುವೆ ಬೆನ್ನಿಗೊತ್ತಿಕೊಂಡು, ದಾರಿಯಲ್ಲಿ ಬೇಕಾದದ್ದು ಮೇಲೆ. ಅಣ್ಣ ಹಾಗೆಯೇ ಕಟ್ಟಿದ. ತನ್ನ ಕೈಯಾರೆ ನೇಯ್ದ ಎರಡು ಕಂಬಳಿಗಳನ್ನು ಎಲ್ಲಕ್ಕಿಂತ ಅಡಿಯಲ್ಲಿಟ್ಟ. ಕಟ್ಟುವುದರಲ್ಲಿ ಒಂದು ತಪ್ಪೂ ಇರಲಿಲ್ಲ.

ಇಪ್ಪತ್ತು ದಿನ ನಡೆದರು. ಅಣ್ಣನ ಬೆನ್ನ ಮೇಲೆ ಗುಡ್ಡ, ತಮ್ಮನ ಕೈಯಲ್ಲಿ ಒಂದು ಕೋಲು. ಇಳಿದುಕೊಂಡ ಛತ್ರಗಳಲ್ಲೆಲ್ಲ ಜನ, ಅಣ್ಣ ಅಂದರೆ ಹೀಗಿರಬೇಕಪ್ಪಾ ಅಂದರು. ಸುಳ್ಳೇಕೆ ಹೇಳಲಿ, ಅದನ್ನು ಕೇಳಿ ಅವನು ಒಳಗೊಳಗೇ ಹಿಗ್ಗುತ್ತಿದ್ದ. ಎಂಥವರಿಗೂ ಹಿಗ್ಗಾಗುವ ಮಾತೇ ಅದು.

ಇಪ್ಪತ್ತೊಂದನೆಯ ದಿನ ದೊಡ್ಡ ಏರು. ಏರಿನ ಬುಡದಲ್ಲಿ ತಮ್ಮ ಆಕಾಶ ನೋಡಿದ.

"ಅಣ್ಣಾ, ನನ್ನ ಕಂಬಳಿ ಕೊಟ್ಟುಬಿಡು. ಹೆಗಲ ಮೇಲೆ ಹಾಕಿಕೊಂಡಿರ್ತೀನಿ."

"ಅದು ಅಡಿಯಲ್ಲಿದೆಯೋ ಮಾರಾಯ! ಅದನ್ನು ತೆಗೆಯಬೇಕಾದರೆ ಎಲ್ಲ ಬಿಚ್ಚಬೇಕು. ಈಗ ಚಳಿ ಎಲ್ಲಿದೆ? ನೀನು ಕೈ ಬೀಸಿಕೊಂಡು ಹತ್ತು. ನೆತ್ತಿಯ ಹತ್ತಿರ ಕಾದಿರು, ನಾನು ಬರದೆ ಅಲ್ಲಿಂದ ಕದಲಬೇಡ."

ತಮ್ಮ ಹತ್ತಿದ. ಬರಿಗೈಯವನು, ಸರಸರ ಹೋದ. ಅಣ್ಣ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತ ಹತ್ತಿದ. ಬೆನ್ನಿಗೆ ಬಿದ್ದವನು ಮುಂದಾದ, ಅಣ್ಣ ಹಿಂದಾದ. ಮೊದಲು ಕೂಗಿದರೆ ಓಗೊಡುವಷ್ಟು ದೂರ. ಆಮೇಲೆ ಅದೂ ಇಲ್ಲ.

ಮಧ್ಯಾಹ್ನ ತಿರುಗುವ ಹೊತ್ತಿಗೆ ಮಂಜು ಇಳಿಯಿತು. ಹಿಂದೆಯೇ ಗಾಳಿ, ಹಿಮ. ಚೀಲ ಗಾಳಿಗೆ ಸಿಕ್ಕಿ ಅಣ್ಣನನ್ನು ಎಳೆದಾಡಿತು. ಅವನು ಒಂದು ಬಂಡೆಯ ಮರೆಗೆ ಕುಸಿದು ಕೂತ. ತಮ್ಮನ ಹೆಸರು ಹಿಡಿದು ಕೂಗಿದ. ಗಂಟಲು ಕಟ್ಟುವವರೆಗೆ ಕೂಗಿದ. ಗಾಳಿಯ ಮೊರೆತದಲ್ಲಿ ಉತ್ತರ ಕೇಳಲಿಲ್ಲ. ಚೀಲ ಬಿಟ್ಟು ಮೇಲೆ ಓಡಲೇ ಅನ್ನಿಸಿತು. ಆದರೆ ಅನ್ನ, ಬೆಂಕಿ, ಬಟ್ಟೆ ಎಲ್ಲ ಅದರಲ್ಲೇ ಇತ್ತು. ಈ ಮಂಜಿನಲ್ಲಿ ಚೀಲ ಕಳೆದರೆ ಇಬ್ಬರೂ ಸತ್ತಂತೆಯೇ ಅಂದುಕೊಂಡ. ಚಳಿಯಾದರೆ ಅವನೇ ಇಳಿದು ಬರುತ್ತಾನೆ ಅಂದುಕೊಂಡ. ಚೀಲ ಬಿಚ್ಚಿ ಒಂದು ಕಂಬಳಿ ತಾನು ಹೊದ್ದ. ಇನ್ನೊಂದನ್ನು, ತಮ್ಮ ಬಂದೊಡನೆ ಬೆಚ್ಚಗಿರಲಿ ಅಂತ, ತನ್ನ ಎದೆಗೆ ಅವುಚಿಕೊಂಡು ಕೂತ.

ತಮ್ಮ ಇಳಿದು ಬರಲಿಲ್ಲ. ಕದಲಬೇಡ ಅಂದಿದ್ದನಲ್ಲ ಅಣ್ಣ!

ಬೆಳಗಾಯಿತು, ಮಂಜು ಸರಿಯಿತು. ತಲೆಯೆತ್ತಿದರೆ ತಮ್ಮ ಮೇಲೆ ನೆತ್ತಿಯ ಹತ್ತಿರವೇ ಕಾಣಿಸಿದ. ಕೆಳಗಿನ ದಾರಿಯ ಕಡೆಗೇ ಮುಖ ಮಾಡಿ, ಮೊಣಕಾಲು ತಬ್ಬಿಕೊಂಡು ಕೂತಿದ್ದ. ಅಣ್ಣ ಚೀಲ ಬಿಟ್ಟು, ಕಂಬಳಿ ಎತ್ತಿಕೊಂಡು ಓಡಿದ. ಹೊದಿಸಿದ. ಕೈಯುಜ್ಜಿದ, ಕಾಲುಜ್ಜಿದ. ಆ ಕಂಬಳಿಯಲ್ಲಿ ಇನ್ನೂ ಬಿಸಿಯಿತ್ತು, ಅಯ್ಯೋ. ತಮ್ಮನಲ್ಲಿ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಅವನು ಚೀಲ ತರಲು ಇಳಿದ. ಕಾಲು ತಾನಾಗಿಯೇ ಹೆಜ್ಜೆ ಎಣಿಸಿತು. ನೂರ ಎಂಬತ್ತು.

ಊರಿಗೆ ಬಂದಾಗ ಚೀಲದ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಜನ ಸಮಾಧಾನ ಹೇಳಿದರು, ನೀನೇನು ಕಡಿಮೆ ಮಾಡಿದೆಯಪ್ಪಾ, ಎಲ್ಲ ಹೊತ್ತೆಯಲ್ಲ ಎಂದರು. ಆ ಮಾತು ಬಂದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. ತಮ್ಮ ಕಂಬಳಿ ಕೇಳಿದಾಗ ಬಿಚ್ಚಿ ಕೊಟ್ಟಿದ್ದರೆ ಅರ್ಧ ಗಳಿಗೆಯ ಕೆಲಸ. ಆ ಅರ್ಧ ಗಳಿಗೆಯನ್ನು ಅವನು ಬದುಕಿದಷ್ಟು ದಿನವೂ ನೆನೆದ. ಮಗ್ಗದ ಮುಂದೆ ಕೂತರೆ ಕೈ ಏಳುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ಕಣ್ಣೊರೆಸಿಕೊಂಡ.

"ಅವನು ಚೀಲ ಬಿಟ್ಟು ಓಡಬೇಕಿತ್ತು, ಗುರುಗಳೇ. ನಾನಾಗಿದ್ದರೆ ಖಂಡಿತ ಓಡುತ್ತಿದ್ದೆ."

"ನಾನಿದ್ದೀನಲ್ಲ ಅಂದೆಯಲ್ಲ ಸಂಗಯ್ಯ, ಎಷ್ಟು ಹೆಜ್ಜೆ ದೂರದಲ್ಲಿ?"

ಸಂಗಯ್ಯ ಎದ್ದು, ಒಂದು ದಾರ ಹಿಡಿದು ಈರಯ್ಯನನ್ನು ಹುಡುಕಿಕೊಂಡು ಹೋದ.