ಚಾಪೆತೂಬಿನ ಕೆರೆ

ಚಾಪೆತೂಬಿನ ಕೆರೆಗೆ ಹೋದ್ರೆ ಈಗ ಕೆರೆ ಎಲ್ಲಿದೆ ಅಂತ ಹುಡುಕ್ಬೇಕು. ಏರಿ ಮೇಲಿಂದ ಕಾಣೋದೆಲ್ಲ ಜಾಲಿ. ಅದರ ನಡುವೆ ಒಬ್ಬ ಕಲ್ಲುಬಸವ, ಗೊರಸಿಗೂ ನೀರು ತಾಗದೆ ನಿಂತಿದ್ದಾನೆ. ಹಿಂದೆ ಒಮ್ಮೆ ಇಲ್ಲಿನ ಮೀನು ಮಗ್ಗುಲು ಬದಲಾಯಿಸಿದ್ರೆ ಏರಿ ಅಲುಗಾಡ್ತಿತ್ತು ಅಂತಾರೆ. ನಂಬದಿದ್ರೆ ಬಿಡಿ, ಮೀನಿಗೇನೂ ನಷ್ಟವಿಲ್ಲ.

ಆಗ ಸಣ್ಣೀರವ್ವ ಅನ್ನೋಳು ಈ ಕೆರೆಯ ಆಪುಹುಲ್ಲು ಕೊಯ್ದು ಚಾಪೆ ಹೆಣೆದು ಬದುಕ್ತಿದ್ಲು. ಅವಳ ಚಾಪೆ ಮೇಲೆ ಮಲಗಿದವನು ಮೂರು ದಿನ ಏಳ್ತಿರ್ಲಿಲ್ವಂತೆ. ನೀರು ಬಸವನ ಮೊಣಕಾಲಿಗೆ ಇಳಿದ್ರೆ ಗದ್ದೆಗೆ ನೀರು ಬಿಡೋ ತೂಬು ಮುಚ್ಚಲೇಬೇಕು ಅನ್ನೋದು ಊರ ಕಟ್ಟಲೆ. ಪಟೇಲ ದೊಡ್ಡತಮ್ಮಯ್ಯನಿಗೆ ಎರಡನೇ ಬೆಳೆ ಆಸೆ. ಎರಡು ವರ್ಷ ತೂಬು ಮುಚ್ಚಲೇ ಇಲ್ಲ. ಬಯಲಾದ ಕೆಸರಿಗೆ ಅವನ ಆಡು ಇಳಿದವು. ಜಾಲಿಕಾಯಿ ತಿಂದ ಆಡು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಮೊಳೀತು. ನೀರು ನಿಂತಿದ್ರೆ ಕೊಳೆತು ಹೋಗ್ಬೇಕಿದ್ದ ಸಸಿ ಆಳೆತ್ತರ ಎದ್ದು ಆಪನ್ನ ತುಳೀತು. ಹಳದಿಯಾದ ಆಪು ಕೈಲಿ ಮುರಿದಾಗ ಸಣ್ಣೀರವ್ವ ಕುಡುಗೋಲು ಬಿಸಾಕಿದ್ಲು. ಒಂದು ಜಾಲಿಸಸಿ ಕಿತ್ತು ತಂದು ಪಟೇಲನ ಜಗಲಿಗೆ ಎಸೆದ್ಲು.

"ನೀರಿಳಿದಲ್ಲಿ ಮರ ಹತ್ತುತ್ತೆ, ಪಟೇಲ್ರೆ. ತೂಬು ಮುಚ್ಸಿ."

"ಮರ ಬೆಳೆದ್ರೆ ಸೌದೆ ಆಯ್ತಲ್ಲೇ ಮುದುಕಿ, ನಿನ್ನ ಸುಡೋಕಾದ್ರೂ ಬೇಕಲ್ಲ! ಹೋಗು, ನನ್ನ ಮಗಳ ಮದುವೆಗೆ ನೂರು ಚಾಪೆ ಹೆಣಿ."

"ಹೆಣೀತೀನಿ ಕಣಯ್ಯ. ಉಳಿದಿರೋ ಕಟ್ಟಕಡೇ ಆಪಲ್ಲಿ ಹೆಣೀತೀನಿ."

ಮದುವೆ ಬೆಳಗ್ಗೆ ನೂರು ಚಾಪೆ ಹೊತ್ತ ಗಾಡಿ ಪಟೇಲನ ಮನೆಗೆ ಹೋಗಲಿಲ್ಲ, ಏರಿಗೆ ಹೋಯ್ತು. ಸಣ್ಣೀರವ್ವ ಒಂದೊಂದೇ ಚಾಪೆ ಸುರುಳಿ ಸುತ್ತಿ ತೂಬಿನ ಬಾಯಿಗೆ ತುರುಕಿ, ಕೆಸರು ಮೆತ್ತಿ, ಮೇಲೆ ತಾನೇ ಕೂತ್ಲು. ಅತ್ತ ಬೀಗರು ಸಗಣಿ ಸಾರಿಸಿದ ಬರಿನೆಲದಲ್ಲಿ ಕೂತು ರೇಷ್ಮೆನೆಲ್ಲ ಕೊಳೆ ಮಾಡ್ಕೊಂಡ್ರು. ಪಟೇಲ ದೊಣ್ಣೆ ಹಿಡಿದು ಓಡಿಬಂದ. "ಏಳೇ!"

"ಬಸವನ ಮೊಣಕಾಲು ಮುಳುಗ್ಲಿ, ಏಳ್ತೀನಿ."

ಆಮೇಲೆ ಅವಳು ಬೈದ ಬೈಗುಳಕ್ಕೆ ಕೊಕ್ಕರೆ ಮೂರೂರು ದಾಟಿ ಹಾರಿದವು, ಹೋಗ್ತಿದ್ದ ಮೋಡ ಹೆದರಿ ಅಲ್ಲೇ ಸುರೀತು. ಏಳನೇ ದಿನ ಮೊಣಕಾಲು ಮುಳುಗ್ತು. ಅವಳು ಎದ್ಲು. ವರ್ಷ ತುಂಬೋದ್ರೊಳಗೆ ಜಾಲಿ ಕೊಳೆತು ತೇಲಿತು, ಆಪು ಚಿಗುರಿತು.

ತೂಬಿನ ಕಲ್ಲಲ್ಲಿ ಚಾಪೆ ಹೆಣಿಗೆಯ ಅಚ್ಚು ಇನ್ನೂ ಇದೆ, ಬೆರಳಾಡಿಸಿದ್ರೆ ಸಿಗುತ್ತೆ ಅನ್ನುತ್ತಾರೆ. ತೂಬಿನ ಕಬ್ಬಿಣದ ಬಾಗಿಲು ಮಾತ್ರ ಈಗಿಲ್ಲ. ಕಿತ್ತು ಗುಜರಿಗೆ ಹಾಕಿದ್ದಾರೆ. ಮೋಟರಿಟ್ಟು ಕೆರೆಯ ಕೊನೇ ಹನಿ ಎಳೆದು ಜಾಲಿ ಮತ್ತೆ ಬೆಳೆಸಿದವರೇ ಇಲ್ಲಿ ನೆರಳು ಚೆನ್ನಾಗಿದೆ ಅಂತ ಬಂದು, ಕೂರೋಕೆ ಒಂದು ಚಾಪೆ ಸಿಗುತ್ತಾ ಅಂತ ಕೇಳ್ತಾರೆ. ಪಟೇಲನ ಬೀಗರಿಗೆ ಸಗಣಿನೆಲವಾದ್ರೂ ಇತ್ತು. ಇವರಿಗೆ ಜಾಲಿಮುಳ್ಳಿದೆ, ಕೂತ್ಕೊಳ್ಳಲಿ.